ಸುಕ್ರಿಯ ಪಾಲಿನ ಅಂಗಳ

ಗಂಗಾವಳಿ ಹೊಳೆಯಿಂದ ಎದ್ದ ಕಾವಳ ಆ ಬೆಳಿಗ್ಗೆ ರಾಮನಗುಳಿಯ ಕೇರಿಯನ್ನು ಬಿಟ್ಟು ಹೋಗುವ ಲಕ್ಷಣವೇ ಇರಲಿಲ್ಲ. ಬಿಸಿಲು ಬಂದರೂ ಹುಲ್ಲುಮಾಡಿನ ಅಂಚಿನಿಂದ ಹನಿ ತೊಟ್ಟಿಕ್ಕುತ್ತಲೇ ಇತ್ತು. ಅಂಕೋಲೆ ಕಡೆ ಸರಕಾರಕ್ಕೆ ಕರ ಕೊಡದ ಗಲಾಟೆ ಅಡಗಿದ ಮರುವರ್ಷ ಅದು. ದೇವರ ದಯದಿಂದ ಮಳೆ ಹೊತ್ತಿಗೆ ಸರಿಯಾಗಿ ಹಿಂದೆಗೆದಿತ್ತು. ಇನ್ನು ಚಳಿಗಾಲಕ್ಕೆ ಮನೆ ಅಣಿಯಾಗಬೇಕು. ಮಾಡಿಗೆ ಹೊಸ ಹುಲ್ಲು, ಗೋಡೆಗೆ ಕೆಮ್ಮಣ್ಣು ಆಮೇಲಾದರೂ ನಡೆದೀತು, ಅಂಗಳ ಮಾತ್ರ ಕಾಯುವಂಥದ್ದಲ್ಲ. ಮಳೆ ಕೊಚ್ಚಿದ ಮಣ್ಣನ್ನು ಅಗೆದು, ನೀರು ಹೊಯ್ದು, ಮರದ ಹಲಗೆಯಿಂದ ಬಡಿದು, ಸಗಣಿಗೆ ಸುಟ್ಟ ತೆಂಗಿನ ಸಿಪ್ಪೆಯ ಕರಿ ಕಲಸಿ ಸಾರಿಸಬೇಕು. ಭತ್ತ ಬಡಿಯುವುದೂ ಅಲ್ಲೇ, ಚಳಿಗೆ ಬೆಂಕಿ ಕಾಯುವುದೂ ಅಲ್ಲೇ.

ಅಂಗಳದಲ್ಲಿ ಹಿರಿಸೊಸೆ ಸುಕ್ರಿಯ ಪಾಲು ಮುಗಿದಿತ್ತು. ತುಳಸಿಕಟ್ಟೆಯ ಆಚೆಗಿನದು ಮೈದುನನ ಹೆಂಡತಿ ಮಂಜಿಯ ಪಾಲು. ಅತ್ತೆ ಗಂಗೂ ಪ್ರತಿವರ್ಷ ಹೊಸ ಪೈರಿನ ಮೊದಲ ಕಟ್ಟನ್ನು ಇಡುತ್ತಿದ್ದುದು ಮಂಜಿಯ ಅಂಗಳದಲ್ಲೇ. "ಕರಿಕಲ್ಲು ಹಾಸ್ದಂಗದೆ ನೋಡೆ" ಎಂದು ಅತ್ತೆ ಅಂದಾಗಲೆಲ್ಲ ಸುಕ್ರಿ ಗುಡಿಸಿದ ತನ್ನ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದಳು. ತುಳಸಿಗೆ ಕೈಮುಗಿಯುವಾಗಲೂ ಅವಳ ಕಣ್ಣು ಆಚೆಯ ನೆಲಕ್ಕೇ ಜಾರುತ್ತಿತ್ತು. ಈ ವರ್ಷ ಮೊದಲ ಕಟ್ಟು ತನ್ನ ಅಂಗಳಕ್ಕೇ ಬರಬೇಕು ಎಂದು ವೆಂಕಟ್ರಮಣನಿಗೆ ಕಾಯಿ ಹೇಳಿಕೊಂಡಿದ್ದಳು.

"ಅಕ್ಕಾ, ಬತ್ಯಲ್ಲ?" ಆಚೆಯಿಂದ ಮಂಜಿ ಕರೆದಳು. "ನಿನ್ನ ಮುಯ್ಯಾಳು ಇವತ್ತು."

ಮೊನ್ನೆ ಸುಕ್ರಿಯ ಅಂಗಳಕ್ಕೆ ಮಂಜಿ ಬಂದು ಇಡೀ ದಿನ ದುಡಿದಿದ್ದಳು. ಆಳಿಗೆ ಆಳು, ದಿನಕ್ಕೆ ದಿನ. ಈಗ ಸುಕ್ರಿಯ ಸರದಿ.

"ಎಂತ ಮಾಡೂದೆ ತಂಗಿ, ತೋಳು ಎತ್ತೂಕೇ ಆಗೂದಿಲ್ಲ."

"ಅಡ್ಡಿಲ್ಲ ಬಿಡು. ನಿನ್ನೆ ಸೌದಿ ಹೊರೆ ಹೊರೂಕೆ ಬಂದಿತ್ತಲ್ಲ, ಅದೇ ತೋಳಾ?" ಮಂಜಿ ನಕ್ಕು ಒಬ್ಬಳೇ ಹಲಗೆ ಹಿಡಿದಳು.

ಎರಡು ಕೈ ಬಡಿದರೆ ಹಾಡಿನಂತೆ ಕೇಳುವ ಸದ್ದು ಒಂಟಿಯಾಗಿ ಬಂತು. ಸಂಜೆಗೆ ಕೊಯ್ದ ಪೈರು ಬರುತ್ತದೆ, ಅಷ್ಟರೊಳಗೆ ಅವಳೊಬ್ಬಳಿಂದ ಮುಗಿಯುವುದಿಲ್ಲ. ಒಳಗೆ ಗಂಜಿ ಬಗ್ಗಿಸುತ್ತ ಸುಕ್ರಿ ಆ ಸದ್ದನ್ನು ಕೇಳಿದಳು. ಮೊದಮೊದಲು ಅದು ಹಿತವಾಗಿಯೇ ಇತ್ತು.

ಗಂಗೂ ಕೋಲೂರಿಕೊಂಡು ಬಂದು ಎರಡೂ ಅಂಗಳ ನೋಡಿದಳು. ಸುಕ್ರಿಯ ಬಾಗಿಲ ಎದುರಿನ ನೆಲವನ್ನು ಬರಿಗಾಲಿನಿಂದ ತೀಡಿದಳು.

"ಸುಕ್ರೀ, ಈ ಸಲ ಕಟ್ಟು ಇಲ್ಲೇ ಇಡ್ವ. ಕಾಲಿಗೆ ಕರಿ ಹತ್ತೂದಿಲ್ಲ, ಒಂದು ಬಿರುಕಿಲ್ಲ. ಯಾರು ಸಾರ್ಸಿದ್ದೆ ಇದು?"

'ನಾನೇ' ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸುಕ್ರಿ ಬಾಗಿಲಿಗೆ ಬಂದು ಹೆಮ್ಮೆಯಿಂದ ನೆಲ ನೋಡಿದಳು. ಅಂಗೈ ಎಳೆದ ಅರ್ಧಚಂದ್ರಗಳು ಸಾಲಾಗಿ ಮೂಡಿದ್ದವು. ಎಲ್ಲವೂ ಎಡದಿಂದ ತಿರುಗಿದ್ದವು. ಕೇರಿಯಲ್ಲಿ ಎಡಗೈಯಲ್ಲಿ ಸಾರಿಸುವವಳು ಮಂಜಿ ಒಬ್ಬಳೇ. ಆ ದಿನ ತಾನು ಅನ್ನಕ್ಕಿಡಲು ಒಳಗೆ ಹೋಗಿದ್ದಾಗ, ಯಾರೂ ಹೇಳದೆಯೇ, ಬಾಗಿಲೆದುರಿನ ಜಾಗವನ್ನು ಅವಳೇ ಮುಗಿಸಿದ್ದಳು. ತನ್ನ ಅಂಗಳವನ್ನು ಮಾಡುವಷ್ಟೇ ಅಚ್ಚುಕಟ್ಟಾಗಿ ಮಾಡಿದ್ದಳು.

ಅತ್ತೆಗೆ ಈಗ ಕಣ್ಣು ಮಂಜು. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸುಕ್ರಿ ತುಳಸಿಯ ಕಡೆ ನೋಡಿದಳು, ಅಲ್ಲಿಯೂ ನೋಟ ನಿಲ್ಲದೆ ಕಣ್ಣು ತಗ್ಗಿಸಿದಳು.

"ಮಂಜಿ ಸಾರ್ಸಿದ್ದು, ಅತ್ತೆ."

"ಹೌದಾ" ಎಂದಳು ಗಂಗೂ.

ಒಲೆಯ ಸೌದೆಯನ್ನು ಹಿಂದಕ್ಕೆಳೆದು ಸುಕ್ರಿ ಗೋಡೆಗಾನಿಸಿದ್ದ ಹಲಗೆ ತೆಗೆದುಕೊಂಡಳು. ಸೀರೆ ಮೇಲೆ ಕಟ್ಟಿ ತುಳಸಿಕಟ್ಟೆ ಬಳಸಿ ಆಚೆ ಹೋದಳು. ಮಂಜಿ ಕತ್ತೆತ್ತಿದಳು, ಸ್ವಲ್ಪ ಹಿಂದೆ ಸರಿದು ಜಾಗ ಬಿಟ್ಟಳು. ಸುಕ್ರಿ ಅವಳೆದುರು ಕುಕ್ಕರಗಾಲಲ್ಲಿ ಕುಳಿತು, ಅವಳ ಹಲಗೆಯ ಏಟು ನೆಲಕ್ಕೆ ಬಿದ್ದ ಮೇಲೆ ತನ್ನದನ್ನು ಹಾಕಿದಳು.