ಕಮ್ಮಿ ಬಿದ್ದ ಪಾಸ್

"ಎಡಕ್ಕೆ ತಳ್ಳಿ... ಇನ್ನೂ ಸ್ವಲ್ಪ ಎಡಕ್ಕೆ!"

ಎರಡನೇ ಮಹಡಿಯ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಕೊಂಡಿತ್ತು. ಕಂಬಿಗೂ ಗೋಡೆಗೂ ನಡುವೆ ಮೂಲೆ ಕಚ್ಚಿಕೊಂಡು, ಹಿಂದಕ್ಕೂ ಬಾರದೆ ಮುಂದಕ್ಕೂ ಹೋಗದೆ ನಿಂತಿತ್ತು. ಮೇಲುಗಡೆ ಹಿಡಿದವರು ಇಬ್ಬರು: ಎಲ್ಲರೂ ಬೀಗ ಎಂದೇ ಕರೆಯುವ ಸತ್ತವನ ಹಳೆಯ ಜೊತೆಗಾರ, ಪಕ್ಕದಲ್ಲಿ ಸತ್ತವನು ಕೆಲಸಕ್ಕಿದ್ದ ಡ್ರೈವಿಂಗ್ ಸ್ಕೂಲಿನ ಮಾಲೀಕ. ಕೆಳಗಡೆ ಸತ್ತವನ ತಮ್ಮ ಒಬ್ಬನೇ. ಅವನ ಜೊತೆಗಿದ್ದ ಪಕ್ಕದ ಮನೆಯ ದರ್ಜಿ, ಸೊಂಟ ಹಿಡಿದುಕೊಂಡಿತೆಂದು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ.

"ಇದ್ದಷ್ಟು ದಿನ ಒಂದು ಕಡೆ ನಿಂತವನಲ್ಲ. ಈಗ ನೋಡಿ, ಜಪ್ಪಯ್ಯ ಅಂದ್ರೂ ಕದಲಲ್ಲ ಅಂತಾನೆ," ಎಂದ ಮಾಲೀಕ, ಏದುಸಿರಿನ ನಡುವೆ.

ಬೀಗ ನಗಲಿಲ್ಲ. ಬೆಳಗಿನಿಂದ ಅವನಿಗೆ ಕೂತಲ್ಲಿ ಕೂರಲು ಆಗಿರಲಿಲ್ಲ, ನಿಂತಲ್ಲಿ ನಿಲ್ಲಲು ಆಗಿರಲಿಲ್ಲ. ವಾಹನ ಬಂತೇ ಎಂದು ನೋಡುವ ನೆಪದಲ್ಲಿ ನಾಲ್ಕು ಸಲ ಕೆಳಗಿಳಿದು ಹತ್ತಿದ್ದ. ಯಾರಾದರೂ "ಪಾಪ, ನಿಮಗೇ ಹೆಚ್ಚು ಸಂಕಟ" ಎಂದು ಕೈ ಹಿಡಿಯಲು ಬಂದರೆ, ಏನೋ ನೆನಪಾದವನಂತೆ ಪಕ್ಕಕ್ಕೆ ಸರಿದುಬಿಡುತ್ತಿದ್ದ.

ಕೆಳಗಿನಿಂದ ಯಾರೋ ಎರಡೆರಡು ಮೆಟ್ಟಿಲು ಹಾರಿ ಬರುವ ಸದ್ದಾಯಿತು. ದಪ್ಪ ಕತ್ತಿನ, ನೆರೆತ ತಲೆಯ ಆಳು. ಒಂದು ಮಾತೂ ಆಡದೆ ಖಾಲಿ ಮೂಲೆಗೆ ಭುಜ ಕೊಟ್ಟ. ಅಂಗಿಯ ತೋಳಿಗೆ ಮೈದಾ ಹಿಟ್ಟು ಮೆತ್ತಿತ್ತು.

"ಎತ್ತಬೇಡಿ. ಓರೆ ಮಾಡಿ. ಹಾಂ, ಹಾಗೆ."

ಪೆಟ್ಟಿಗೆ ಓರೆಯಾಯಿತು, ತಿರುಗಿತು, ಕಂಬಿಯಿಂದ ಬಿಡಿಸಿಕೊಂಡಿತು. ಆಗ ತಮ್ಮ ಪಕ್ಕಕ್ಕೆ ನೋಡಿದ. ಮುಖಕ್ಕೂ ಮುಖಕ್ಕೂ ಒಂದು ಗೇಣು.

"ನೀನಾ? ಕಟುಕ..."

ಅವನ ಹಿಡಿತ ಸಡಿಲವಾಯಿತು. ಪೆಟ್ಟಿಗೆ ಜಗ್ಗಿತು.

"ಕೈ ಬಿಡಬೇಡಪ್ಪ. ಮೊದಲು ಇವನನ್ನ ಕೆಳಗಿಳಿಸೋಣ. ಆಮೇಲೆ ನನ್ನನ್ನ ಏನು ಮಾಡ್ಬೇಕು ಅನ್ಸುತ್ತೋ ಮಾಡು," ಎಂದ ಆ ಆಳು.

ಇಪ್ಪತ್ತೇಳು ವರ್ಷದ ಮೇಲೆ ಕೇಳಿದ ದನಿ. ಬೀಗ ಆ ಕಡೆ ನೋಡದೆ ಮುಂದಿನ ಮೆಟ್ಟಿಲಿಗೆ ಕಾಲಿಟ್ಟ.

*

ಸತ್ತವನಿಗೆ ಮಿಡತೆ ಎಂದು ಹೆಸರಿಟ್ಟದ್ದು ಫುಟ್‌ಬಾಲ್ ಕ್ಲಬ್ಬಿನ ಅಡುಗೆಯವನು. ಹತ್ತೊಂಬತ್ತನೇ ವಯಸ್ಸಿಗೆ ಬಂದು ಸೇರಿದ, ಮೈದಾನದ ಅಂಚು ಹಿಡಿದು ಓಡುವ ಆ ವಿಂಗರ್ ಬೆಂಚಿನ ಮೇಲೆ ಕೂತು ಉಂಡದ್ದನ್ನು ಯಾರೂ ಕಂಡಿಲ್ಲ. ತಟ್ಟೆ ಕೈಯಲ್ಲಿ ಹಿಡಿದು ನಡೆಯುತ್ತಲೇ ತಿನ್ನುತ್ತಿದ್ದ. ಬೇರೆ ಊರಿಗೆ ಪಂದ್ಯಕ್ಕೆ ಹೋಗುವಾಗ ಬಸ್ಸಿನೊಳಗೇ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ನಡೆಯುತ್ತಿದ್ದ. ಕ್ಷೌರಿಕ ಅವನ ತಲೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದೇ ಕತ್ತರಿ ಆಡಿಸಬೇಕಿತ್ತು. ಮದುವೆಯ ಫೋಟೋಗಳಲ್ಲಿ ಹೆಂಡತಿ ಮಾತ್ರ ನಿಚ್ಚಳವಾಗಿದ್ದಾಳೆ, ಪಕ್ಕದಲ್ಲೊಂದು ಮಸುಕು. "ಯಾವುದೋ ಗಾಳಿಯನ್ನ ಕಟ್ಕೊಂಡ ಹಾಗಿದೆ ನೋಡಿ," ಎಂದು ಅವಳು ಬಂದವರಿಗೆಲ್ಲ ಆಲ್ಬಮ್ ತೋರಿಸಿ ನಗಿಸುತ್ತಿದ್ದಳು.

ಇಷ್ಟು ಚಡಪಡಿಸುವ ಮನುಷ್ಯ, ಎಡಗಡೆಯ ಗೆರೆಯ ಹತ್ತಿರ ಚೆಂಡು ಕಾಲಿಗೆ ಸಿಕ್ಕಿತೋ, ನಿಂತುಬಿಡುತ್ತಿದ್ದ. ಸುಮ್ಮನೆ. ಎದುರಾಳಿ ಬಂದಾನೋ ಬಾರನೋ ಎಂದು ಕಾಯುತ್ತ, ಕಣ್ಣರೆಪ್ಪೆ ಕೂಡ ಆಡಿಸದೆ. ಇಡೀ ಮೈದಾನ ಉಸಿರು ಬಿಗಿ ಹಿಡಿಯುತ್ತಿತ್ತು. ಎದುರಾಳಿಯ ತೂಕ ಒಂದು ಕಾಲಿಗೆ ಬಿದ್ದದ್ದೇ ತಡ, ಇವನು ಇನ್ನೊಂದು ಕಡೆಯಿಂದ ಹೋಗಿಬಿಟ್ಟಿರುತ್ತಿದ್ದ. ಅವನು ಈ ಲೋಕದಲ್ಲಿ ನೆಮ್ಮದಿಯಾಗಿ ನಿಂತ ಜಾಗ ಅದೊಂದೇ ಎಂದು ಬೀಗನಿಗೆ ಎಷ್ಟೋ ಸಲ ಅನಿಸಿತ್ತು.

ಬೀಗ ಅವನ ಹಿಂದೆ ಆಡುತ್ತಿದ್ದ ಲೆಫ್ಟ್ ಬ್ಯಾಕ್. ಮಿಡತೆ ಮುಂದಕ್ಕೆ ಓಡಿದರೆ ಅವನು ಬಿಟ್ಟುಹೋದ ಜಾಗವನ್ನು ಕಾಯುವುದು ಬೀಗನ ಕೆಲಸ.

"ನೀನು ಬಾಗಿಲು ತೆಗೆದಿಟ್ಟು ಹೋಗ್ಬಿಡ್ತೀಯ. ಬೀಗ ಹಾಕೋನು ನಾನು," ಎಂದು ಅವನೇ ಒಮ್ಮೆ ಬೈದದ್ದು ಅವನ ಹೆಸರಾಗಿಯೇ ಉಳಿಯಿತು.

"ಹೆಣ್ಣು ಕೊಡ್ಲಿಲ್ಲ, ತೊಗೊಳ್ಲಿಲ್ಲ. ಆದ್ರೂ ನಮ್ಮನೆಗೆ ಬೀಗ ಆಗ್ಬಿಟ್ಟೆ ಕಣೋ!" ಎಂದು ಮಿಡತೆ ಗಹಗಹಿಸುತ್ತಿದ್ದ.

ಎಂಟು ವರ್ಷದಲ್ಲಿ ಮೂರು ಕ್ಲಬ್ ಬದಲಿಸಿದರು. ಮೂರು ಕಡೆಯೂ ಮಿಡತೆಯದು ಒಂದೇ ಮಾತು: "ತೊಗೊಂಡ್ರೆ ಇಬ್ಬರನ್ನೂ ತೊಗೊಳ್ಳಿ." ಅವನಿಗಾಗಿ ಬೀಗನನ್ನೂ ತೆಗೆದುಕೊಂಡರು. ಅದು ಬೀಗನಿಗೆ ಗೊತ್ತಿತ್ತು. ಊಟದಲ್ಲಿ ಸಿಕ್ಕ ಸಣ್ಣ ಕಲ್ಲಿನ ಹಾಗೆ ಅದನ್ನು ಒಳಗೇ ಇಟ್ಟುಕೊಂಡಿದ್ದ.

*

ಪೆಟ್ಟಿಗೆ ವಾಹನದೊಳಗೆ ಸೇರಿದ್ದೇ ತಮ್ಮ ಕಟುಕನ ಅಂಗಿ ಹಿಡಿದ.

"ಯಾವ ಮುಖ ಇಟ್ಕೊಂಡು ಬಂದೆ? ನಮ್ಮಣ್ಣನ ಕಾಲು ತೆಗೆದಿದ್ದು ಸಾಲದು ಅಂತ ಹೊರೋಕೆ ಬಂದ್ಯಾ?"

ಕಟುಕ ಕೈ ಎತ್ತಲಿಲ್ಲ. ಕಿತ್ತುಹೋದ ಗುಂಡಿ ಉರುಳಿದ ಕಡೆಗೆ ಮಾತ್ರ ನೋಡಿದ.

"ಅಂಗಿ ಬಿಡು," ಎಂದಿತು ಹಿಂದಿನಿಂದ ಒಂದು ದನಿ. ಸತ್ತವನ ಹೆಂಡತಿ ಕೊನೆಯ ಮೆಟ್ಟಿಲಿಳಿದು ಬಂದಿದ್ದಳು. "ಅವರಿಗೆ ಫೋನ್ ಮಾಡಿ ಕರೆದವಳು ನಾನೇ."

"ಅತ್ತಿಗೆ!"

"ಬೇಕರಿ ವ್ಯಾನ್ ಓಡಿಸೋ ಕೆಲಸಕ್ಕೆ ಲೈಸೆನ್ಸ್ ಬೇಕಾಗಿತ್ತಂತೆ. ನಿಮ್ಮಣ್ಣ ಕಲಿಸ್ತಾರೆ ಅಂತ ಗೊತ್ತಿಲ್ಲದೆ ಸ್ಕೂಲಿಗೆ ಬಂದ್ರು. ಹದಿನೆಂಟು ವರ್ಷ ಆಯ್ತು. ಆರು ವಾರ ಇಬ್ಬರೂ ಒಂದೇ ಕಾರಲ್ಲಿ ಅಕ್ಕಪಕ್ಕ ಕೂತಿದ್ರು. ಮೊದಲನೇ ವಾರ ಒಂದು ಮಾತಿಲ್ಲವಂತೆ, ಗೇರು, ಕ್ಲಚ್ಚು ಬಿಟ್ಟರೆ." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಆಮೇಲೆ ತಿಂಗಳಿಗೊಂದು ಸಲ ಬ್ರೆಡ್ಡು ತರೋ ನೆಪದಲ್ಲಿ ಬರ್ತಿದ್ರು. ಇವರು ಯಾರಿಗೂ ಹೇಳಬೇಡ ಅಂದಿದ್ರು. ಬೀಗಣ್ಣನಿಗಂತೂ ಹೇಳಲೇಬೇಡ, ಪಾಪ, ಅವನಿಗೆ ತಡ್ಕೊಳ್ಳೋಕೆ ಆಗಲ್ಲ ಅಂತ."

ಎಲ್ಲರೂ ಬೀಗನ ಕಡೆ ತಿರುಗಿದರು.

"ನೀವಾದ್ರೂ ಹೇಳಿ ಬೀಗಣ್ಣ," ಎಂದ ತಮ್ಮ. "ಇವನಿಗೆ ಕಟುಕ ಅಂತ ಹೆಸರಿಟ್ಟಿದ್ದೇ ನೀವಲ್ವಾ?"

ಬೀಗ ಗಡಿಯಾರ ನೋಡಿಕೊಂಡ. ಗಂಟೆ ಎಷ್ಟೆಂದು ತಲೆಗೆ ಹೋಗಲಿಲ್ಲ. "ಹೊತ್ತಾಗುತ್ತೆ. ಹೊರಡೋಣ," ಎಂದು ಎಲ್ಲರಿಗಿಂತ ಮೊದಲು ವಾಹನ ಹತ್ತಿದ.

*

ಇಪ್ಪತ್ತೇಳು ವರ್ಷದ ಹಿಂದಿನ ಆ ಮಧ್ಯಾಹ್ನ, ಪಂದ್ಯಕ್ಕೆ ಮುಂಚೆ, ಮೈಕೈ ತಿಕ್ಕುವವನು ಬೀಗನ ಮೀನಖಂಡಕ್ಕೆ ಎಣ್ಣೆ ಹಚ್ಚುತ್ತ ಹೇಳಿದ್ದ: "ಮಿಡತೆಯ ಅದೃಷ್ಟ ನೋಡಿ. ಹೊರದೇಶದ ಕ್ಲಬ್ಬಿನವರು ಇವತ್ತು ಅವನ ಆಟ ನೋಡೋಕೆ ಬಂದಿದಾರಂತೆ. ಮೂರು ತಿಂಗಳಿಂದ ಮಾತುಕತೆ ನಡೀತಿದೆಯಂತಲ್ಲ. ನಿಮಗೆ ಹೇಳಿರ್ತಾನೆ ಬಿಡಿ."

ಹೇಳಿರಲಿಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ಮಿಡತೆ ಎಂದಿನಂತೆ ಲೇಸು ಕಟ್ಟುತ್ತ ಬಿಚ್ಚುತ್ತ ಇದ್ದ. ಬೀಗ ಎದುರಿಗೆ ಹೋಗಿ ನಿಂತಾಗ ತಲೆಯೆತ್ತಲಿಲ್ಲ.

"ಈ ಸಲ ಒಬ್ಬನೇನಾ?"

ಕಟ್ಟುತ್ತಿದ್ದ ಬೆರಳು ನಿಂತವು. "ಕೇಳ್ದೆ ಕಣೋ. ಒಬ್ಬನೇ ಸಾಕಂತೆ. ಹೇಗೆ ಹೇಳೋದು ಅಂತ..."

ಅಷ್ಟರಲ್ಲಿ ಸೀಟಿ ಕೂಗಿತು.

ಪಂದ್ಯದ ಎಪ್ಪತ್ತನೇ ನಿಮಿಷದ ಹೊತ್ತಿಗೆ ಚೆಂಡು ಬೀಗನ ಕಾಲಿಗೆ ಬಂತು. ಮುಂದೆ ಗೆರೆಯ ಹತ್ತಿರ ಮಿಡತೆ ಕೈ ಎತ್ತಿದ. ಸಾವಿರ ಸಲ ಕೊಟ್ಟ ಪಾಸ್. ಕಣ್ಣು ಮುಚ್ಚಿ ಕೊಡಬಹುದಾದ ಪಾಸ್. ಬೀಗ ಕಣ್ಣು ತೆರೆದುಕೊಂಡೇ, ಎದುರಿನಿಂದ ಆ ತಂಡದ ರೈಟ್ ಬ್ಯಾಕ್ ನುಗ್ಗಿ ಬರುವುದನ್ನು ನೋಡಿಕೊಂಡೇ, ಎರಡು ಗಜ ಕಮ್ಮಿ ಹೊಡೆದ. ಇಷ್ಟೇ ಬಯಸಿದ್ದು: ಒಂದು ಸಲ ಚೆಂಡು ಕಳೆದುಕೊಳ್ಳಲಿ, ಗ್ಯಾಲರಿಯಲ್ಲಿ ಟೋಪಿ ಹಾಕಿಕೊಂಡು ಕೂತ ಹೊರದೇಶದವರು ಅದನ್ನು ನೋಡಲಿ.

ಮಿಡತೆ ಹಿಂದಕ್ಕೆ ಹಾರಿದ. ಅವನ ಸ್ವಭಾವವೇ ಅದು, ಯಾವ ಚೆಂಡನ್ನೂ ಬಿಟ್ಟುಕೊಟ್ಟವನಲ್ಲ. ಇಬ್ಬರೂ ಒಟ್ಟಿಗೆ ಚೆಂಡಿನ ಮೇಲೆ ಬಿದ್ದರು. ಒಣಗಿದ ಕೊಂಬೆ ಮುರಿದಂಥ ಸದ್ದು ಗ್ಯಾಲರಿಯ ಕೊನೆಯ ಸಾಲಿಗೂ ಕೇಳಿಸಿತೆಂದು ಜನ ಆಮೇಲೆ ಹೇಳಿದರು.

ಸಂಜೆ ಆಸ್ಪತ್ರೆಯ ಬಾಗಿಲಲ್ಲಿ ವರದಿಗಾರರು ಮುತ್ತಿಕೊಂಡಾಗ ಬೀಗನ ಬಾಯಿ ತಾನಾಗಿ ಆಡಿತು: "ಅವನು ಆಟಗಾರ ಅಲ್ಲ. ಕಟುಕ." ಮರುದಿನ ಎಲ್ಲ ಪತ್ರಿಕೆಗಳ ತಲೆಬರಹವೂ ಅದೇ. ಆ ರೈಟ್ ಬ್ಯಾಕಿಗೆ ಒಂದು ವರ್ಷ ನಿಷೇಧ ಬಿತ್ತು. ವರ್ಷ ಕಳೆದ ಮೇಲೆ ಯಾವ ಕ್ಲಬ್ಬೂ ಅವನನ್ನು ಕರೆಯಲಿಲ್ಲ.

ಮಿಡತೆಗೆ ಎರಡು ಆಪರೇಷನ್ ಆದವು. ಕೆಳಗಿನ ದರ್ಜೆಯ ತಂಡದಲ್ಲಿ ಎರಡು ವರ್ಷ ಆಡಿದ. ಎದುರಾಳಿ ಕಾಲು ಬದಲಿಸಿದ್ದು ಕಣ್ಣಿಗೆ ಕಾಣುತ್ತಿತ್ತು, ಮಂಡಿ ಮಾತ್ರ ಮಾತು ಕೇಳುತ್ತಿರಲಿಲ್ಲ. ಮೂವತ್ತೊಂದಕ್ಕೆ ಡ್ರೈವಿಂಗ್ ಸ್ಕೂಲು ಸೇರಿದ. "ಓಡೋನ ಕೈಗೆ ಬ್ರೇಕು ಕೊಟ್ಟಿದಾರೆ ನೋಡೋ," ಎಂದು ಪ್ರತಿ ಭಾನುವಾರ ಊಟಕ್ಕೆ ಬರುವ ಬೀಗನಿಗೆ ಹೇಳಿ ನಗುತ್ತಿದ್ದ. ಕಲಿಯುವವರ ಪಕ್ಕದ ಸೀಟಿನಲ್ಲಿ ಇಪ್ಪತ್ತನಾಲ್ಕು ವರ್ಷ ಕೂತ. ಮೊನ್ನೆ ಕಾರು ಕಲಿಯುತ್ತಿದ್ದ ಒಬ್ಬ ನರ್ಸಿಗೆ "ಸೆಕೆಂಡಿಗೆ ಹಾಕಿ" ಎಂದವನು ಮುಂದೆ ಮಾತಾಡಲಿಲ್ಲ.

*

ಸ್ಮಶಾನದಲ್ಲಿ ನೂರು ನೂರೈವತ್ತು ಜನ ಸೇರಿದ್ದರು. ಹಳೆಯ ಅಭಿಮಾನಿಗಳು, ಡ್ರೈವಿಂಗ್ ಕಲಿತ ಹೆಂಗಸರು, ಬೂದು ಕೂದಲಿನ ಒಬ್ಬ ರೆಫರಿ. ಮಣ್ಣು ಮುಚ್ಚಿದ ಮೇಲೆ ಯಾರಾದರೂ ಎರಡು ಮಾತಾಡಿ ಎಂದರು. ತಮ್ಮ ಮುಂದೆ ಬಂದ.

"ನಮ್ಮಣ್ಣ ಹೊರದೇಶದಲ್ಲಿ ಆಡಬೇಕಾದವನು. ಯಾರ್ಯಾರಿಗೋ ಗೇರ್ ಹಾಕೋದು ಹೇಳಿಕೊಟ್ಟು ಸತ್ತ. ಯಾಕೆ ಅಂತ ನಿಮಗೆಲ್ಲ ಗೊತ್ತು. ಅದಕ್ಕೆ ಕಾರಣ ಆದವನು ಇಲ್ಲೇ ನಿಂತಿದ್ದಾನೆ." ಅವನ ಬೆರಳು ಕಟುಕನ ಕಡೆ ಚಾಚಿತು.

ಗುಂಪು ಕದಡಿತು. "ಆಚೆ ಹಾಕಿ ಅವನನ್ನ!" ಎಂದು ಹಿಂದಿನಿಂದ ಯಾರೋ ಕೂಗಿದರು. ಇನ್ಯಾರೋ ತಳ್ಳಿದರು. ಕಟುಕ ಹೊಸ ಮಣ್ಣಿನ ಮೇಲೆ ಕಾಲಿಡಬಾರದೆಂದು ಪಕ್ಕಕ್ಕೆ ಹೊರಳಿ, ಮುಗ್ಗರಿಸಿ, ಮಂಡಿಯೂರಿ ಬಿದ್ದ.

"ಬಿಡಿ ಅವನನ್ನ!"

ತನ್ನದೇ ಕೂಗು ಬೀಗನಿಗೆ ಅಪರಿಚಿತವಾಗಿ ಕೇಳಿಸಿತು. ಕಾಲುಗಳು ಆಗಲೇ ನಡುವಿಗೆ ಬಂದು ನಿಂತಿದ್ದವು.

"ಆ ಪಾಸ್ ಕೊಟ್ಟವನು ನಾನು. ಕಮ್ಮಿ ಹೊಡೆದೆ. ಕಾಲು ತಪ್ಪಿ ಅಲ್ಲ. ಬೇಕು ಅಂತಲೇ." ಕಟುಕನ ಕಡೆ ಕೈ ತೋರಿಸಿದ. "ನನ್ನನ್ನ ಬಿಟ್ಟು ಹೋಗ್ತಾನೆ ಅಂತ ಹೊಟ್ಟೆ ಉರೀತು. ಇವನು ಬರ್ತಿರೋದು ಕಾಣಿಸ್ತಿತ್ತು ನನಗೆ. ಕಾಣಿಸ್ತಿದ್ದೂ ಕೊಟ್ಟೆ."

ತಮ್ಮನ ಬೆರಳು ಚಾಚಿದ ಹಾಗೇ ಇತ್ತು, ಯಾರ ಕಡೆಗೆಂದು ಅದಕ್ಕೇ ತಿಳಿಯದ ಹಾಗೆ.

ಸತ್ತವನ ಹೆಂಡತಿ ಹತ್ತಿರ ಬಂದಳು. ಹೊಡೆಯುತ್ತಾಳೆಂದುಕೊಂಡ. ಹೊಡೆದರೆ ಸಾಕೆಂದುಕೊಂಡ.

"ಇಪ್ಪತ್ತೇಳು ವರ್ಷ ಬಾಯಲ್ಲಿ ಇಟ್ಕೊಂಡಿದ್ರಿ," ಎಂದಳು. "ನಾಲ್ಕು ದಿನ ಮುಂಚೆ ಉಗುಳಿದ್ರೆ ಕೇಳಿಸ್ಕೊಳ್ಳೋಕೆ ಒಬ್ಬರು ಇರ್ತಿದ್ರು."

ಬೀಗಣ್ಣ ಎನ್ನಲಿಲ್ಲ. ಇಷ್ಟು ವರ್ಷದಲ್ಲಿ ಆ ಹೆಸರು ಹಿಡಿಯದೆ ಅವಳು ಅವನೊಡನೆ ಮಾತು ತೆಗೆದದ್ದು ಇದೇ ಮೊದಲು. ತಿರುಗಿ ಗೇಟಿನ ಕಡೆ ನಡೆದಳು. ಜನ ದಾರಿ ಬಿಟ್ಟರು, ಒಬ್ಬೊಬ್ಬರಾಗಿ ಕರಗಿದರು.

ಕಟುಕ ಎದ್ದು ಮಂಡಿಯ ಮಣ್ಣು ಕೊಡವಿಕೊಳ್ಳುತ್ತಿದ್ದ.

"ನಿನಗೆ ಗೊತ್ತಿತ್ತಾ?" ಎಂದ ಬೀಗ.

"ಚೆಂಡಿಗಿಂತ ಮುಂಚೆ ನಿನ್ನ ಕಣ್ಣು ನೋಡಿದ್ದೆ."

"ಮತ್ತೆ ಅವನಿಗೆ ಯಾಕೆ ಹೇಳಲಿಲ್ಲ? ಆರು ವಾರ ಪಕ್ಕದಲ್ಲೇ ಕೂತಿದ್ದೆಯಲ್ಲ?"

"ಕಾಲು ಹೋಗಿತ್ತು. ನೀನು ಊಟಕ್ಕೆ ಬರೋ ಭಾನುವಾರ ಒಂದು ಉಳಿದಿತ್ತು ಅವನಿಗೆ. ಅದನ್ನೂ ಯಾಕೆ ಕಿತ್ಕೊಳ್ಳಲಿ?" ಎಂದ ಕಟುಕ. ಆಮೇಲೆ, "ನಾನೂ ಆ ದಿನ ವೇಗ ತಗ್ಗಿಸಬಹುದಾಗಿತ್ತು. ತಗ್ಗಿಸಲಿಲ್ಲ. ನನ್ನ ಪಾಲಿನದನ್ನ ನಿನ್ನ ತಲೆಗೆ ಕಟ್ಟಲ್ಲ," ಎಂದು ಹೊರಟುಹೋದ.

ಬೀಗ ಗೇಟಿಗೆ ಬಂದಾಗ ಬಂದ ವಾಹನಗಳೆಲ್ಲ ಹೋಗಿ ರಸ್ತೆಯಲ್ಲಿ ಬೇಕರಿಯ ವ್ಯಾನ್ ಒಂದೇ ನಿಂತಿತ್ತು. ಮುಂದಿನ ಸೀಟಿನಲ್ಲಿ ಮಿಡತೆಯ ಹೆಂಡತಿ ನೇರ ರಸ್ತೆಯನ್ನೇ ನೋಡುತ್ತ ಕೂತಿದ್ದಳು. ಹಿಂದಿನ ಬಾಗಿಲು ತೆರೆದಿತ್ತು. ಒಳಗೆ ತಮ್ಮ ತಲೆ ಬಗ್ಗಿಸಿಕೊಂಡು ಚಕ್ರದ ಮೇಲಿನ ಉಬ್ಬಿನಲ್ಲಿ ಕೂತಿದ್ದ. ಕಟುಕ ಖಾಲಿ ಬ್ರೆಡ್ ಟ್ರೇಗಳನ್ನು ಎತ್ತಿ ಒಂದರ ಮೇಲೊಂದು ಒಟ್ಟುತ್ತಿದ್ದ. ಒಬ್ಬ ಮನುಷ್ಯ ಕೂರುವಷ್ಟು ಜಾಗ ಆದ ಮೇಲೆ ಕೈ ಝಾಡಿಸಿಕೊಂಡು ಇಳಿದ, ಬಾಗಿಲನ್ನು ಮುಚ್ಚದೆಯೇ ಹೋಗಿ ಸ್ಟಿಯರಿಂಗ್ ಮುಂದೆ ಕೂತ.

ಯಾರೂ ಕರೆಯಲಿಲ್ಲ. ಎಂಜಿನ್ ಶುರುವಾಗಿತ್ತು. ತೆರೆದ ಬಾಗಿಲು ಅದರ ಜೊತೆ ಗಡಗಡ ನಡುಗುತ್ತಿತ್ತು, ವ್ಯಾನ್ ಮಾತ್ರ ನಿಂತಲ್ಲೇ ನಿಂತಿತ್ತು.