ಕುತ್ತಿಗೆ ಕೊಯ್ದ ಈರುಳ್ಳಿ

ಕಾಳಿಯ ಮನೆಯ ಜಗಲಿಯಲ್ಲಿ ರಾಶಿ ಬಿದ್ದಿದ್ದ ಈರುಳ್ಳಿಯನ್ನು ಮುಟ್ಟಿದರೆ ಬೆರಳು ಒಳಗೇ ಇಳಿಯುತ್ತಿತ್ತು. ಮೇಲೆ ತೆಳು ಗುಲಾಬಿ ಸಿಪ್ಪೆ, ಒಳಗೆ ಕಂದು ಲೋಳೆ, ಲೋಳೆಯ ಮೇಲೆ ನೊಣ. ಆ ನಾತ ಸೀರೆಗೆ ಹತ್ತಿತ್ತು, ಅನ್ನಕ್ಕೆ ಹತ್ತಿತ್ತು, ಕುಡಿಯುವ ನೀರಿಗೂ ಹತ್ತಿದಂತಿತ್ತು.

"ಇದ್ರ ಎಂತ ಮಾಡೂದು?" ಎಂದ ಗಂಡ ಶುಕ್ರ. "ದನವೂ ಮೂಸೂದಿಲ್ಲ."

ಕಾಳಿ ಸೆರಗಿನಿಂದ ನೊಣ ಓಡಿಸಿದಳು. ಕುಮಟಾ ಬಳಿಯ ಹೊಳನಗದ್ದೆಯ ಆ ಕೇರಿಯಲ್ಲಿ ಎಲ್ಲರ ಜಗಲಿಯೂ ಹೀಗೇ ನಾರುತ್ತಿತ್ತು. ಅವರೆಲ್ಲ ಅವಳ ಮಾತು ಕೇಳಿ ಕೆಟ್ಟವರು.

ಭತ್ತ ಕೊಯ್ದ ಗದ್ದೆಯಲ್ಲಿ ಬೆಳೆಯುವ ಈ ಸಿಹಿ ಈರುಳ್ಳಿಯನ್ನು ಎಲೆ ಸಮೇತ ಒಣಗಿಸಿ, ಆ ಎಲೆಗಳನ್ನೇ ಜಡೆಯಂತೆ ಹೆಣೆದು ಗೊಂಚಲು ಮಾಡುವುದು ಇಲ್ಲಿಯ ರೂಢಿ. ಅದು ಬರೀ ಅಂದಕ್ಕಲ್ಲ. ಎಲೆ ನಿಧಾನವಾಗಿ ಒಣಗುವಾಗ ಗಡ್ಡೆಯ ಕುತ್ತಿಗೆ ಬಿಗಿದು ಮುಚ್ಚಿಕೊಳ್ಳುತ್ತದೆ. ಮತ್ತೆ ತೇವ ಸುಲಭವಾಗಿ ಒಳಗೆ ಇಳಿಯುವುದಿಲ್ಲ. ಅಡುಗೆಮನೆಯ ಮಾಡಿಗೆ ತೂಗುಹಾಕಿದರೆ ಮಳೆಗಾಲವನ್ನು ದಾಟಿಸುತ್ತದೆ. ಎಲೆಯನ್ನು ಹಸಿಯಲ್ಲೇ ಕೊಯ್ದರೆ ಕುತ್ತಿಗೆ ತೆರೆದ ಗಾಯವಾಗುತ್ತದೆ. ಇದು ಕೇರಿಯ ಹೆಂಗಸರಿಗೆಲ್ಲ ಗೊತ್ತು. ಹೆದ್ದಾರಿಯಲ್ಲಿ ಕಾರು ನಿಲ್ಲಿಸುವವರು ಗೊಂಚಲು ನೋಡಿಯೇ ನಿಲ್ಲಿಸುತ್ತಾರೆ. ಬಿಡಿ ಗಡ್ಡೆ ಇಟ್ಟುಕೊಂಡು ಕೂತರೆ ಅದು ಕುಮಟಾದ್ದೆಂದು ಯಾರೂ ನಂಬುವುದಿಲ್ಲ.

ಹಾಗಿದ್ದೂ ಕೊಯ್ದರು. ಕೊಯ್ಯಿಸಿದವನು ಸುಹಾಸ.

'ರೈತರಿಂದ ನೇರ ಖರೀದಿ' ಎಂದು ಬರೆದ ಬಿಳಿ ಗಾಡಿಯಲ್ಲಿ ಅವನು ಬೇಸಿಗೆಯ ಕೊನೆಗೆ ಬಂದಿದ್ದ. ಮುರ್ಡೇಶ್ವರದಲ್ಲಿ ತನ್ನ ಕಂಪನಿಯ ಅಂಗಡಿಯಿದೆ ಎಂದ.

"ಅಜ್ಜಿ, ದಲ್ಲಾಳಿ ಬೇಡ. ಲಾರಿ ಧೂಳಲ್ಲಿ ಕೂರೂದೂ ಬೇಡ. ಇದ್ದದ್ದೆಲ್ಲ ನಾವೇ ಎತ್ತುತ್ತೇವೆ. ಎಲೆಯ ಬಾಲ ಮಾತ್ರ ಕೊಯ್ದಿಡಿ, ಅದಿದ್ರೆ ಚೀಲಕ್ಕೆ ತುಂಬೂಕೆ ಆಗೂದಿಲ್ಲ."

"ಹಸೀದು ಕೊಯ್ದ್ರೆ ಕೊಳಿತದ್ಯಲೋ ತಮಾ."

"ಕೊಳಿಯೂಕೆ ಬಿಟ್ರಲ್ವಾ? ನಾಡಿದ್ದೇ ಗಾಡಿ ಬತ್ತದೆ."

ಕಾಳಿಯ ಕೈಗೆ ಗೊಂಚಲು ಕೊಟ್ಟು ಅವಳ ಫೋಟೋ ತೆಗೆದ. ನಗು ಎಂದ, ನಕ್ಕಳು. ಹೆದ್ದಾರಿಯ ಬಿಸಿಲು ಇನ್ನು ತಪ್ಪಿತೆಂದು ಅವಳ ಮೊಣಕಾಲುಗಳೇ ಮೊದಲು ನಂಬಿದ್ದವು. ಪಕ್ಕದ ಮನೆಯ ನಾಗಿ ಅನುಮಾನಿಸಿದಾಗ, "ನೇರ ಮನೆ ಬಾಗ್ಲಿಗೇ ಬಂದವ ಹಂಗೆ ಕೈ ಬಿಡ್ತನೇನೆ ಮಾರಾಯ್ತಿ?" ಎಂದು ಎಲ್ಲರ ಕೈಯಲ್ಲೂ ಕತ್ತಿ ಹಿಡಿಸಿದವಳು ಕಾಳಿಯೇ.

ನಾಡಿದ್ದು ಗಾಡಿ ಬರಲಿಲ್ಲ. ಬಂದದ್ದು ಮಳೆ ಹನಿದ ಮೇಲೆ. ಆಳುಗಳು ಒಂದು ಕಬ್ಬಿಣದ ಬಳೆ ತಂದಿದ್ದರು. ಬಳೆಯ ಅಳತೆಗೆ ಕೂತ ಗಡ್ಡೆ ಮಾತ್ರ ಚೀಲಕ್ಕೆ ಹೋಯಿತು. ಉಳಿದದ್ದನ್ನು ಕಾಲಿನಿಂದ ಸರಿಸಿ ಹೊರಟರು. ಆಮೇಲೆ ಸುಹಾಸ ಫೋನೆತ್ತಲಿಲ್ಲ.

ಕಾಳಿ, ನಾಗಿ ಬಸ್ಸು ಹತ್ತಿ ಮುರ್ಡೇಶ್ವರಕ್ಕೆ ಹೋದರು.

ಹೋಟೆಲುಗಳ ಸಾಲಿನಲ್ಲಿ ಅಂಗಡಿ. ಬಾಗಿಲ ಮೇಲೆ ಕಾಳಿಯ ಮುಖ, ಚಾಪೆಯಷ್ಟು ದೊಡ್ಡದು. ಕೆಳಗೆ ಬರೆದದ್ದನ್ನು ನಾಗಿ ಅಕ್ಷರ ಕೂಡಿಸಿಕೊಂಡು ಓದಿದಳು: 'ಕಾಳಿ ಅಜ್ಜಿಯ ಗದ್ದೆಯಿಂದ ನೇರ ನಿಮ್ಮ ಅಡುಗೆಮನೆಗೆ.'

ಒಳಗೆ ಸಾಲಾಗಿ ಗೊಂಚಲು ತೂಗುತ್ತಿದ್ದವು. ಕಾಳಿ ಒಂದನ್ನು ಮುಟ್ಟಿದಳು. ಕಡುಗೆಂಪು, ದಪ್ಪ ಸಿಪ್ಪೆ. ಯಾವುದೋ ದೂರದ ಮಂಡಿಯ ಸರಕನ್ನು ಭತ್ತದ ಬೈಹುಲ್ಲಿಗೆ ಪ್ಲಾಸ್ಟಿಕ್ ದಾರದಲ್ಲಿ ಕಟ್ಟಿದ್ದರು. ಉಗುರಿನಿಂದ ಗೀರಿದಾಗ ಘಾಟು ಮೂಗಿಗೆ ಹೊಡೆಯಿತು.

"ನಮ್ದಲ್ಲ ಇದು."

"ಮತ್ತೆ ಮೇಲೆ ಕೂತ್ಕಂಡು ಎಂತ ಕಂಡು ನಗ್ತೆ ನೀನು?" ಎಂದಳು ನಾಗಿ.

ಸುಹಾಸ ಓಡಿ ಬಂದ. "ಓಹೋ, ನಮ್ಮ ಅಜ್ಜಿ! ಚಾ ತರಿಸ್ಲಾ?"

"ಎಂತದು ಇದು ತೂಗ್ಸಿದ್ದು?"

"ಗಿರಾಕಿಗಳಿಗೆ ಗೊಂಚಲೇ ಬೇಕು ಅಜ್ಜಿ. ನಿಮ್ಮದಕ್ಕೆ ಬಾಲ ಇಲ್ಲ. ಎಂತ ಮಾಡೂದು?"

ನಾಗಿಗೆ ತಡೆಯಲಾಗಲಿಲ್ಲ. "ಬಾಲ ಕೊಯ್ಸದವ ಯಾರಾ? ನಿನ್ನ ಅಪ್ಪನಾ?"

"ಕೂಗ್ಬೇಡಿ, ಗಿರಾಕಿ ಇದ್ದಾರೆ." ಅವನು ಕಾಳಿಯನ್ನು ಬದಿಗೆ ಕರೆದು ಸ್ವರ ತಗ್ಗಿಸಿದ. "ಅಜ್ಜಿ, ನೀನು ದಿನಾ ಬಂದು ಇಲ್ಲಿ ಫ್ಯಾನಿನ ಕೆಳಗೆ ಕೂತ್ಕೊ. ಹೆಣೆದಂಗೆ ಮಾಡು, ಸಾಕು. ಜನ ಫೋಟೋ ತೆಗೀತಾರೆ. ಮುಂದಿನ ವರ್ಷ ನಿನ್ನ ಮಾಲಿಗೆ ಬಳೆ ಹಾಕೂದಿಲ್ಲ. ಎಲ್ಲ ಎತ್ತುತ್ತೇನೆ."

"ಕೇರಿಯವ್ರದ್ದು?"

"ನಾನು ಹೇಳಿದ್ದು ನಿಂದು."

ಫ್ಯಾನಿನ ಗಾಳಿ ಮೈಗೆ ಹಿತವಾಗಿತ್ತು. ಹಿತವೆನಿಸಿದ್ದಕ್ಕೇ ಕಾಳಿಗೆ ತನ್ನ ಮೈಯ ಮೇಲೆ ಹೇಸಿಗೆಯಾಯಿತು.

ಅಷ್ಟರಲ್ಲಿ ಗೊಂಚಲು ಹಿಡಿದಿದ್ದ ಗಿರಾಕಿ ಹೆಂಗಸೊಬ್ಬಳು ಅವಳನ್ನು ಗುರುತಿಸಿದಳು. "ಅಯ್ಯೋ, ಕಾಳಿ ಅಜ್ಜಿ ನೀವೇನಾ! ಇದು ನಿಮ್ಮ ಗದ್ದೇದೇ ಅಲ್ವಾ?"

"ಹೌದು ಹೇಳಜ್ಜಿ," ಎಂದು ಸುಹಾಸ ಹಿಂದಿನಿಂದ ಪಿಸುಗುಟ್ಟಿದ.

"ಮೋರೆ ನಂದು," ಎಂದಳು ಕಾಳಿ. "ನೀರುಳ್ಳಿ ನಂದಲ್ಲ. ನಂದು ಮನೇಲಿ ಕೊಳೀತಾ ಬಿದ್ದದೆ. ನಮ್ಮ ಕೇರಿದೆಲ್ಲ ಕೊಳೀತಾ ಬಿದ್ದದೆ. ಕೊಳೆಸದವ ಇವ."

ಸುಹಾಸ ನಕ್ಕ. "ಅಜ್ಜಿಗೆ ವಯಸ್ಸಾಯ್ತು ಮೇಡಂ."

ಹೆಂಗಸು ಒಮ್ಮೆ ಅವನನ್ನು, ಒಮ್ಮೆ ಗೊಂಚಲನ್ನು ನೋಡಿದಳು. ಗೊಂಚಲನ್ನು ಮೇಜಿನ ಮೇಲಿಟ್ಟು ಹೊರಗೆ ಹೋದಳು.

ಕಾಳಿಯೂ ಹೊರಬಂದಳು. ಬಸ್ಸಿನ ಕಡೆ ತಿರುಗಲಿಲ್ಲ. ಅಂಗಡಿಯ ಮೆಟ್ಟಿಲ ನಡುವೆ, ದಾರಿ ಕಟ್ಟುವಂತೆ ಕೂತಳು. ನಾಗಿ ಪಕ್ಕದಲ್ಲಿ ಕೂತು ಕೇರಿಗೆ ಫೋನು ಹಚ್ಚಿದಳು.

"ಹೌದೇ, ಎಲ್ಲರೂ ಬನ್ನಿ. ಈಗ್ಲೇ. ಎಂತಕಾ? ಕೂರೂಕೆ."

ಸುಹಾಸ ಬಾಗಿಲಲ್ಲಿ ನಿಂತು ಪೊಲೀಸರನ್ನು ಕರೆಸುತ್ತೇನೆಂದು ಕೂಗುತ್ತಿದ್ದ. ಬೀದಿಯಿಂದ ಪ್ರವಾಸಿಗಳ ಗುಂಪೊಂದು ಮೆಟ್ಟಿಲ ಹತ್ತಿರ ಬಂತು. ಕಾಳಿ ಕೈ ಅಡ್ಡ ಹಿಡಿದಳು.

"ಒಳಗೆ ಹೋಗೂಕಿಂತ ಮೊದ್ಲು ನನ್ನ ಕೇಳಿ."