ಮೀನಂಗಡಿಯ ಐಸ್ ಪೆಟ್ಟಿಗೆ

ನೆಂಟರೆಲ್ಲ ಹಿಂದಿನ ದಿನವೇ ಹೊರಟುಹೋಗಿದ್ದರು. ಅಂತ್ಯಕ್ರಿಯೆ ಆದಮೇಲೆ ಮನೆಯಲ್ಲಿ ಯಾರ ಅಳುವೂ ಕೇಳಿಸದೆ ಬೆಳಗಾದದ್ದು ಅದೇ ಮೊದಲು. ಅಷ್ಟು ದಿನ ಕಾಫಿ, ಊಟ ಎಲ್ಲ ಪಕ್ಕದ ಮನೆಯಿಂದ ಬರುತ್ತಿತ್ತು. ಎದ್ದು ಒಲೆ ಹಚ್ಚಿ ನೀರಿಟ್ಟೆ. ಕಾಫಿಪುಡಿ ಡಬ್ಬಿಯ ಮುಚ್ಚಳ ಬರಲಿಲ್ಲ.

ಅದನ್ನು ಕೊನೆಯ ಸಲ ಮುಚ್ಚಿದ್ದು ನನ್ನ ಗಂಡ. ಎಣ್ಣೆ ಬಾಟಲಿಯಾಗಲಿ, ಉಪ್ಪಿನ ಡಬ್ಬಿಯಾಗಲಿ, ಅವನು ಏನನ್ನು ಮುಚ್ಚಿದರೂ ಮತ್ತೆ ತೆರೆಯಲು ಅವನೇ ಬರಬೇಕು. ಆಫೀಸಿನಲ್ಲಿ ಅವನಿಗೆ ಬಿರಡೆ ಎಂದೇ ಹೆಸರಿತ್ತು. ಬಟ್ಟೆ ಸುತ್ತಿ ತಿರುಗಿಸಿದೆ. ಅತ್ತೆ ಬಂದು ಅವರೂ ಒಂದು ಕೈ ನೋಡಿದರು. ಆಮೇಲೆ ಡಬ್ಬಿಯನ್ನು ಕಪಾಟಿನಲ್ಲಿ ಹಿಂದಕ್ಕೆ ಸರಿಸಿ, ಚಹಾ ಮಾಡೋಣ ಬಿಡು ಎಂದರು. ಚಹಾಪುಡಿಯ ಡಬ್ಬಿ ನಾನು ಮುಚ್ಚಿದ್ದು.

ಅಂದು ಮಧ್ಯಾಹ್ನ ಆಫೀಸಿನಲ್ಲಿ ಒಂದು ಪರವಾನಗಿಯ ವಿಚಾರಣೆ ಇತ್ತು. ಬರದಿದ್ದರೂ ನಡೆಯುತ್ತದೆ, ಫೈಲನ್ನು ಬೇರೆಯವರ ಕೈಲಿ ಮಂಡಿಸೋಣ ಎಂದು ಚೀಫ್ ಫೋನ್ ಮಾಡಿದ್ದರು. ಬರುತ್ತೇನೆ ಎಂದಿದ್ದೆ. ಮನೆಯಲ್ಲಿದ್ದು ಮಾಡುವುದೇನು ಎಂಬುದು ನನಗೆ ಹೊಳೆದಿರಲಿಲ್ಲ, ಅಷ್ಟೇ.

ನಾವಿಬ್ಬರೂ ಒಂದೇ ಪರೀಕ್ಷೆ ಬರೆದು, ಒಂದೇ ಪಟ್ಟಿಯಲ್ಲಿ ಹೆಸರು ನೋಡಿಕೊಂಡು ಜಲ ಇಲಾಖೆ ಸೇರಿದವರು. ಅವನು ನೀರಿನ ಗುಣಮಟ್ಟದ ವಿಭಾಗಕ್ಕೆ ಹೋದ, ನಾನು ನೀರಿನ ಹಕ್ಕಿನ ವಿಭಾಗಕ್ಕೆ. ನದಿಯಿಂದ ಯಾರು ಎಷ್ಟು ಎತ್ತಬಹುದು ಎನ್ನುವುದು ನನ್ನ ಕೆಲಸ. ಎತ್ತಿದವರು ಎಂಥದ್ದನ್ನು ವಾಪಸ್ ಬಿಡುತ್ತಾರೆ ಎನ್ನುವುದು ಅವನದು. ನೀನು ಹಂಚು, ಅದನ್ನು ಕುಡಿಯೋಕಾಗುತ್ತಾ ಅಂತ ನಾನು ನೋಡ್ತೀನಿ ಎನ್ನುತ್ತಿದ್ದ. ಮದುವೆಯ ಮೊದಲೂ ಹೇಳಿದ್ದ, ಆಮೇಲೂ ಹೇಳುತ್ತಿದ್ದ.

ಅಂದಿನ ಫೈಲು ಊರಿನ ಮೇಲಕ್ಕಿರುವ ಚರ್ಮ ಹದ ಮಾಡುವ ಕಾರ್ಖಾನೆಯದು. ಅದು ನದಿಯಿಂದ ನೀರೆತ್ತಿ, ಬಳಸಿ, ಸ್ವಲ್ಪ ಕೆಳಗೆ ಮತ್ತೆ ನದಿಗೇ ಬಿಡುತ್ತದೆ. ಅದರ ಕೆಳಗೆ ನಮ್ಮ ಊರಿನ ಕುಡಿಯುವ ನೀರಿನ ಪಂಪ್‌ಮನೆ. ಕಾರ್ಖಾನೆಯ ಪರವಾನಗಿ ಮುಗಿದಿತ್ತು, ಇನ್ನು ಹತ್ತು ವರ್ಷಕ್ಕೆ ನವೀಕರಣ ಬೇಕಿತ್ತು. ಇಲಾಖೆಯ ಆಕ್ಷೇಪಣೆ ಅವನ ಕೊನೆಯ ಪರೀಕ್ಷೆಯೊಂದರ ಮೇಲೆ ನಿಂತಿತ್ತು: ಕಾರ್ಖಾನೆಯ ಕೊಳವೆ ನದಿಗೆ ಸೇರುವಲ್ಲಿ ಅಮೋನಿಯಾ ಮಿತಿ ಮೀರಿದೆ. ಅದು ಬಿದ್ದುಹೋದರೆ ಹತ್ತು ವರ್ಷ ಯಾರೂ ಮಾತಾಡುವ ಹಾಗಿರಲಿಲ್ಲ.

ಸ್ನಾನ ಮುಗಿಸಿ ಟವೆಲ್ ಒಣಹಾಕಲು ಹಿಂದಿನ ಬಾಲ್ಕನಿಗೆ ಹೋದೆ. ವಾಸನೆ ಬಂತು. ಬಟ್ಟೆ ಒಗೆಯುವ ಯಂತ್ರದ ಹಿಂದೆ ಒಂದು ನೀಲಿ ಐಸ್ ಪೆಟ್ಟಿಗೆ. ಮುಚ್ಚಳದ ಮೇಲೆ ಕಪ್ಪು ಬಣ್ಣದಲ್ಲಿ ಯಾರೋ ಕೈಯಲ್ಲೇ ಬಿಡಿಸಿದ ಮೀನು. ಬೀದಿ ತಿರುವಿನ ಮೀನಂಗಡಿಯ ಅಕ್ಕನದು. ಇಲಾಖೆಯ ಪೆಟ್ಟಿಗೆಯ ಕೀಲು ಮುರಿದು ಎಷ್ಟೋ ಕಾಲವಾಗಿತ್ತು. ಹೊಸದಕ್ಕೆ ಬರೆದ ಕಾಗದ ಮೇಲಕ್ಕೆ ಹೋಗಿದ್ದು ಕೆಳಗೆ ಬಂದಿರಲಿಲ್ಲ. ನದಿ ನೀರನ್ನು ತಣ್ಣಗೆ ತರಲೇಬೇಕು, ಆದ್ದರಿಂದ ಇದನ್ನು ಕೇಳಿ ತಂದಿದ್ದಾನೆ. ತೊಳೆದು ಹಿಂತಿರುಗಿಸಲೆಂದು ಮನೆಗೆ ತಂದಿಟ್ಟಿದ್ದಾನೆ. ಮರುದಿನ ಬೆಳಗ್ಗೆ ಮೆಟ್ಟಿಲಿಳಿಯುವಾಗ ಕುಸಿದು ಕೂತ. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು ಎಂದರು ಡಾಕ್ಟರು.

ಮುಚ್ಚಳ ತೆಗೆದೆ. ಐಸ್ ಕರಗಿ ನೀರಾಗಿತ್ತು. ಪೆಟ್ಟಿಗೆಯ ಅಂಚಿಗೆ ಮೀನಿನ ಹುರುಪೆಗಳು ಅಂಟಿದ್ದವು. ತಳದಲ್ಲಿ ಒಂದು ಬಾಟಲಿ ಮಲಗಿತ್ತು. ಚೀಟಿಯ ಮೇಲೆ ಅವನ ಅಕ್ಷರ: ಬ್ಲಾಂಕ್.

ಬ್ಲಾಂಕ್ ಎಂದರೆ ಲ್ಯಾಬಿನಿಂದಲೇ ತುಂಬಿಕೊಂಡು ಹೋಗುವ ಶುದ್ಧ ನೀರು. ನದಿಯ ನೀರಿನ ಬಾಟಲಿಗಳ ಜೊತೆ ಅದೇ ಪೆಟ್ಟಿಗೆಯಲ್ಲಿ ಹೋಗಿ, ಅದೇ ಪೆಟ್ಟಿಗೆಯಲ್ಲಿ ಬರುತ್ತದೆ. ನೀರು ಕೆಡದಿರಲೆಂದು ದಡದಲ್ಲಿ ಉಳಿದವುಗಳಿಗೆ ಹಾಕಿದ ಆಸಿಡ್ಡನ್ನೇ ಅದಕ್ಕೂ ಹಾಕುತ್ತಾರೆ. ಕೊನೆಗೆ ಅದರಲ್ಲಿ ಏನಾದರೂ ಸಿಕ್ಕಿದರೆ ತಪ್ಪು ನದಿಯದಲ್ಲ, ತಂದ ದಾರಿಯದು. ಅವನು ಅದನ್ನು ಅಳಿಯ ಎಂದು ಕರೆಯುತ್ತಿದ್ದ. ಏನೂ ಕೆಲಸ ಮಾಡಲ್ಲ, ಆದರೂ ಹುಷಾರಾಗಿ ಕರ್ಕೊಂಡು ಹೋಗಿ ಹುಷಾರಾಗಿ ಕರ್ಕೊಂಡು ಬರ್ಬೇಕು ಎನ್ನುತ್ತಿದ್ದ.

ಅಳಿಯ ಲ್ಯಾಬಿಗೆ ಹೋಗೇ ಇರಲಿಲ್ಲ.

ನೆಲದ ಮೇಲೆ ಕೂತೆ. ಮೀನು ಕೆಟ್ಟರೆ ಅಮೋನಿಯಾ ಬಿಡುತ್ತದೆ. ಆಸಿಡ್ ಹಾಕಿದ ನೀರು ಗಾಳಿಯಲ್ಲಿರುವ ಅಮೋನಿಯಾವನ್ನು ಎಳೆದುಕೊಳ್ಳುತ್ತದೆ. ಬಾಟಲಿಯ ಮುಚ್ಚಳ ಒಂದಿಷ್ಟು ಸಡಿಲವಿದ್ದರೂ ಸಾಕು. ಅಮೋನಿಯಾ ಹುಡುಕಬೇಕಾದ ನೀರನ್ನು ಅವನು ಮೀನಿನ ಪೆಟ್ಟಿಗೆಯಲ್ಲಿ ತಂದಿದ್ದ.

ಈ ಬಾಟಲಿ ಅಂದಿನಿಂದ ಈ ನಾತದಲ್ಲೇ ಬಿದ್ದಿದೆ. ನದಿಯ ಬಾಟಲಿಗಳು ಇದರಲ್ಲಿ ಇದ್ದದ್ದು ದಾರಿಯುದ್ದಕ್ಕೆ ಮಾತ್ರ. ಇಷ್ಟಾದರೂ ಇದು ಶುದ್ಧವಾಗಿದ್ದರೆ ಅವನ ವರದಿಯನ್ನು ಯಾರೂ ಅಲ್ಲಾಡಿಸಲಾರರು. ಕೆಟ್ಟಿದ್ದರೆ, ಕೆಟ್ಟದ್ದು ಅಂದೋ ಆಮೇಲೋ ಹೇಳಲಾಗದು. ಹೇಳಲಾಗದ ವರದಿ ನಿಲ್ಲುವುದಿಲ್ಲ. ಸುಮ್ಮನೆ ಚೆಲ್ಲಿ, ಪೆಟ್ಟಿಗೆ ತೊಳೆದು ಕೊಟ್ಟುಬಿಟ್ಟರೆ ಕೇಳುವವರಿಲ್ಲ.

ಅಡುಗೆಮನೆಯಿಂದ ಅತ್ತೆ ಚಹಾ ಆರುತ್ತಿದೆ ಎಂದು ಕೂಗಿದರು. ಬಾಟಲಿಯನ್ನು ಒರೆಸಿ, ಟವೆಲ್ಲಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡೆ.

ಕರೆದೊಯ್ಯಲು ಬಂದ ಇಲಾಖೆಯ ಜೀಪಿನಲ್ಲಿ ಅದೇ ಡ್ರೈವರ್ ಇದ್ದ. ಅಂದು ಗಂಡನ ಜೊತೆ ನದಿಗೆ ಹೋಗಿ, ಬಾಟಲಿಗಳನ್ನು ಲ್ಯಾಬಿಗೆ ಕೊಟ್ಟು, ಪೆಟ್ಟಿಗೆಯ ಮುಚ್ಚಳ ಹಾಕಿ ಅವನ ಕೈಗೆ ಕೊಟ್ಟವನು ಇವನೇ. ಸಿಗ್ನಲ್ಲಿನಲ್ಲಿ ಟವೆಲ್ ಬಿಚ್ಚಿ ತೋರಿಸಿದೆ. ಅವನು ಕನ್ನಡಿಯಲ್ಲಿ ನೋಡಿದ, ಆಮೇಲೆ ತಿರುಗಿಯೇ ನೋಡಿದ.

"ಅಳಿಯಂದ್ರು ಉಳ್ಕೊಂಡ್ಬಿಟ್ರಾ?"

ಹಿಂದಿನ ವಾಹನ ಹಾರ್ನ್ ಹೊಡೆಯಿತು. ಅಂದು ಲ್ಯಾಬಿನ ಕೌಂಟರಿನಲ್ಲಿ ನದಿ ನೀರು ಕೊಡಿ ಎಂದಿದ್ದರಂತೆ. ಇದರಲ್ಲಿರುವುದು ಬರೀ ನೀರು ತಾನೇ ಎಂದುಕೊಂಡು ಅದನ್ನು ಪೆಟ್ಟಿಗೆಯಲ್ಲೇ ಬಿಟ್ಟಿದ್ದನಂತೆ. ಹೇಳುತ್ತ ಹೇಳುತ್ತ ಅವನ ಕಿವಿ ಕೆಂಪಾಯಿತು. ಆಫೀಸಿನ ಗೇಟು ಬಂತು. ಜೀಪು ನಿಲ್ಲಿಸಿ, ಇಳಿಯದೆ ಕೂತಿದ್ದ ನನಗೆ ಮೆಲ್ಲಗೆ ಹೇಳಿದ.

"ಇದನ್ನ ಎಲ್ಲಾದ್ರೂ ಚೆಲ್ಬಿಡಿ ಮೇಡಂ. ನನಗೋಸ್ಕರ ಅಲ್ಲ. ಸಾಹೇಬ್ರ ಹೆಸರು ಯಾಕೆ ಬೀದಿಗೆ ಬರ್ಬೇಕು?"

ಲ್ಯಾಬು ನೆಲಮಾಳಿಗೆಯಲ್ಲಿದೆ. ಕೆಮಿಸ್ಟ್ ನನ್ನ ಗೆಳತಿ. ನನ್ನನ್ನು ನೋಡಿ ಎದ್ದು ಬಂದು ಅಪ್ಪಿಕೊಳ್ಳಲು ಹೋದಳು, ನಡುವೆ ಬಾಟಲಿ ಅಡ್ಡ ಬಂತು. ವಿಷಯ ಹೇಳಿದೆ. ಅವಳು ಚೀಟಿ ಓದಿದಳು. ಕೈಗವಸು ಹಾಕಿ ಮುಚ್ಚಳ ತಿರುಗಿಸಿದಳು. ಬರಲಿಲ್ಲ. ರಬ್ಬರ್ ಸುತ್ತಿ, ಹಲ್ಲು ಕಚ್ಚಿ ಮತ್ತೆ ತಿರುಗಿಸಿದಳು.

"ಈ ಮನುಷ್ಯ ಹೋದ್ಮೇಲೂ ನನ್ನ ಕೈ ಮುರೀತಾನಲ್ಲ" ಎಂದಳು.

ನನಗೆ ನಗು ಬಂತು. ಅವಳು ಅತ್ತಳು. ಮುಚ್ಚಳ ಆಮೇಲೆ ಬಿಟ್ಟಿತು.

ನೀರನ್ನು ಭಟ್ಟಿ ಇಳಿಸಿ, ಬಣ್ಣ ಬರಿಸಿ, ಅಳೆಯಬೇಕು. ವಿಚಾರಣೆ ಶುರುವಾಗುವ ಮೊದಲು ಮುಗಿಯುವ ಕೆಲಸವಲ್ಲ. ಆದ ತಕ್ಷಣ ತಾನೇ ಮೇಲೆ ಬರುತ್ತೇನೆ ಎಂದಳು. ನಾನು ಬಾಗಿಲು ದಾಟುವಾಗ ಕರೆದಳು.

"ಕೆಟ್ಟಿದ್ರೆ ಏನ್ ಮಾಡ್ಲಿ?"

"ಕೆಟ್ಟಿದೆ ಅಂತ ಬರಿ."

ಮೇಲಿನ ಕೋಣೆಯಲ್ಲಿ ಉದ್ದನೆಯ ಮೇಜು. ಒಂದು ಕಡೆ ನಾವು, ಎದುರಿಗೆ ಕಾರ್ಖಾನೆಯ ವಕೀಲ ಮತ್ತು ಅವರ ಸಲಹೆಗಾರ. ಸಲಹೆಗಾರರನ್ನು ನಾವೆಲ್ಲ ಹಳೇ ಸಾಹೇಬರು ಎನ್ನುತ್ತೇವೆ. ಗುಣಮಟ್ಟದ ವಿಭಾಗಕ್ಕೆ ಮುಖ್ಯಸ್ಥರಾಗಿದ್ದವರು, ಗಂಡನಿಗೆ ಕೆಲಸ ಕಲಿಸಿದವರು. ನಿವೃತ್ತಿಗೆ ಮೊದಲೇ ಕೆಲಸ ಬಿಟ್ಟು ಮೇಜಿನ ಆ ಕಡೆಗೆ ಹೋದರು. ನಮ್ಮಲ್ಲಿ ಹಾಗೆ ಹೋದವರು ಹಲವರಿದ್ದಾರೆ. ಯಾರೂ ಅದನ್ನು ದೊಡ್ಡದು ಮಾಡುವುದಿಲ್ಲ, ಮರೆಯುವುದೂ ಇಲ್ಲ.

ಅವರು ಎದ್ದು ನನ್ನ ಕುರ್ಚಿಯ ಬಳಿ ಬಂದರು. ಸುದ್ದಿ ಕೇಳಿದಾಗ ಊಟ ಬಿಟ್ಟೆದ್ದೆ ಎಂದರು. ಸುಳ್ಳಲ್ಲ ಅನ್ನಿಸಿತು. ಆಮೇಲೆ ದನಿ ತಗ್ಗಿಸಿದರು.

"ಇವತ್ತು ನೀನು ಬರಬಾರದಿತ್ತಮ್ಮ. ನಾನು ಪ್ರಶ್ನೆ ಕೇಳಲೇಬೇಕಾಗುತ್ತೆ."

"ಕೇಳಿ ಸರ್."

ಚೀಫ್ ವಿಚಾರಣೆ ಶುರು ಮಾಡಿದರು. ನಾನು ಆಕ್ಷೇಪಣೆ ಓದಿದೆ. ನನ್ನ ದನಿ ನನಗೇ ಬೇರೆಯವರದೆಂಬಂತೆ, ಸಮವಾಗಿ ಕೇಳಿಸುತ್ತಿತ್ತು. ವಕೀಲ ಜಾಗ, ಸಮಯ, ನದಿಯ ಹರಿವು ಎಲ್ಲ ಕೇಳಿದ. ಎಲ್ಲಕ್ಕೂ ಉತ್ತರವಿತ್ತು. ಕೆಮಿಸ್ಟ್ ಬರಲಿಲ್ಲ. ಚೀಫ್ ಫೈಲಿನ ದಾರ ಕಟ್ಟಲು ಕೈಹಾಕಿದ್ದರು. ಆಗ ಹಳೇ ಸಾಹೇಬರು ಕನ್ನಡಕ ತೆಗೆದು ಒರೆಸತೊಡಗಿದರು. ಅವರು ಕನ್ನಡಕ ಒರೆಸಿದರೆ ಮುಗಿಯಿತು ಎಂದು ಗಂಡ ಹೇಳುತ್ತಿದ್ದ.

"ಒಂದೇ ಒಂದು ಸಣ್ಣ ವಿಷಯ. ನಾನು ಬಿಟ್ಟು ಹೋಗುವಾಗ ಇಲಾಖೆಯ ಐಸ್ ಪೆಟ್ಟಿಗೆಯ ಕೀಲು ಮುರಿದಿತ್ತು. ಹೊಸದು ಬಂತಾ?"

ಅದು ಕಚೇರಿಯ ಒಳಗಿನ ವಿಷಯ, ಉತ್ತರ ಕೊಡಬೇಕಾಗಿಲ್ಲ ಎಂದರು ಚೀಫ್. ನನ್ನ ಕಡೆ ನೋಡದೆಯೇ ಹೇಳಿದರು. ಬಾಗಿಲು ತೆರೆದುಕೊಟ್ಟಿದ್ದರು, ನಾನು ಹೊರಗೆ ಕಾಲಿಟ್ಟರೆ ಸಾಕಿತ್ತು. ಫೈಲುಗಳನ್ನು ಹೊತ್ತು ತಂದು ಮೂಲೆಯಲ್ಲಿ ನಿಂತಿದ್ದ ಡ್ರೈವರ್ ನೆಲ ನೋಡುತ್ತಿದ್ದ.

"ಬಂದಿಲ್ಲ ಸರ್. ಮೀನಂಗಡಿಯ ಪೆಟ್ಟಿಗೆಯಲ್ಲಿ ತಂದಿದ್ದು."

ಹಿಂದೆ ಯಾರೋ ನಕ್ಕು, ಕೆಮ್ಮಾಗಿಸಿದರು. ವಕೀಲನ ಪೆನ್ನು ಓಡಿತು. ಹಳೇ ಸಾಹೇಬರಿಗೆ ಮಾತ್ರ ಖುಷಿಯಾದಂತೆ ಕಾಣಲಿಲ್ಲ.

"ಮೀನಂಗಡಿಯ ಪೆಟ್ಟಿಗೆ" ಎಂದು ತಮಗೇ ಹೇಳಿಕೊಂಡರು. "ಹಾಗಾದ್ರೆ ಬ್ಲಾಂಕ್ ಎಲ್ಲಮ್ಮ? ವರದಿಯಲ್ಲಿ ಇಲ್ಲ."

ಎಲ್ಲಿತ್ತು, ಹೇಗೆ ಉಳಿಯಿತು, ಇಂದು ಬೆಳಗಿನವರೆಗೆ ಯಾವುದರಲ್ಲಿ ಇತ್ತು ಎಲ್ಲ ಹೇಳಿದೆ. ಡ್ರೈವರನ ಹೆಸರೆತ್ತಲಿಲ್ಲ, ನಮ್ಮಿಂದ ಆದ ತಪ್ಪು ಎಂದೆ. ಈಗ ಕೆಳಗೆ ಪರೀಕ್ಷೆ ನಡೆಯುತ್ತಿದೆ ಎಂದೆ. ವಕೀಲ ಎದ್ದು ನಿಂತ. ವರದಿಯನ್ನು ಈಗಲೇ ತಳ್ಳಿಹಾಕಬೇಕು, ಫಲಿತಾಂಶಕ್ಕೆ ಕಾಯುವ ಪ್ರಶ್ನೆಯೇ ಇಲ್ಲ ಎಂದು ಜೋರು ಮಾಡಿದ. ಹಳೇ ಸಾಹೇಬರು ಅವನ ತೋಳು ಹಿಡಿದು ಕೂರಿಸಿದರು.

"ಕೆಟ್ಟಿದ್ರೆ ಆಕ್ಷೇಪಣೆ ವಾಪಸ್ ತಗೋತೀಯಾ?"

"ತಗೋತೀನಿ."

"ಕಾಯೋಣ ಹಾಗಾದ್ರೆ."

ಕಾದೆವು. ಚೀಫ್ ನನ್ನತ್ತ ನೋಡಲಿಲ್ಲ. ಫ್ಯಾನು ಕಾಗದಗಳ ಅಂಚನ್ನು ಎತ್ತಿ ಎತ್ತಿ ಇಳಿಸುತ್ತಿತ್ತು. ಮೇಜಿನ ಮೇಲೆ ಎಲ್ಲರೆದುರಿಗೂ ಗ್ಲಾಸಿನಲ್ಲಿ ನೀರಿತ್ತು, ಪಂಪ್‌ಮನೆಯಿಂದ ಬಂದ ನೀರೇ. ನಾನು ಆ ಮುಚ್ಚಳವನ್ನು ನೆನೆಯುತ್ತಿದ್ದೆ. ಅವನು ನದಿಯ ದಡದಲ್ಲಿ ಕೂತು, ಬಾಟಲಿಯನ್ನು ಮೊಣಕಾಲ ನಡುವೆ ಹಿಡಿದು ತಿರುಗಿಸಿರುತ್ತಾನೆ. ಆ ದಿನ ಅವನಿಗೆ ತಲೆನೋವಿತ್ತು. ಕೈಯಲ್ಲಿ ಎಷ್ಟು ಬಲವಿತ್ತೋ. ಗೆಳತಿಗೆ ತೆರೆಯಲಾಗಲಿಲ್ಲ ನಿಜ. ಆದರೆ ಓರೆಯಾಗಿ ಕೂತ ಮುಚ್ಚಳವೂ ತೆರೆಯಲು ಕಷ್ಟವೇ, ಹಾಗಿದ್ದೂ ಅದು ಗಾಳಿಯನ್ನು ಒಳಗೆ ಬಿಡುತ್ತದೆ. ಇದು ಆಗಲೇ ಯಾಕೆ ಹೊಳೆಯಿತೋ ಗೊತ್ತಿಲ್ಲ. ಹೊಳೆದ ಮೇಲೆ ಬೇರೇನೂ ಯೋಚಿಸಲಾಗಲಿಲ್ಲ.

ಕೆಮಿಸ್ಟ್ ಬಂದಳು. ಕೈಗವಸು ಇನ್ನೂ ಕೈಯಲ್ಲೇ ಇತ್ತು. ನನ್ನನ್ನು ನೋಡದೆ ನೇರ ಚೀಫ್ ಬಳಿ ಹೋಗಿ ಚೀಟಿ ಕೊಟ್ಟಳು. ಅವರು ಓದಿದರು, ಮತ್ತೊಮ್ಮೆ ಓದಿ ಮೇಜಿನ ಆ ಕಡೆಗೆ ತಳ್ಳಿದರು. ಹಳೇ ಸಾಹೇಬರು ಕನ್ನಡಕ ಹಾಕಿಕೊಂಡು ನೋಡಿದರು. ತುಂಬ ಹೊತ್ತು ನೋಡಿದರು.

"ಏನೂ ಇಲ್ಲ. ಲ್ಯಾಬಿಂದ ಹೋದಂಗೇ ಇದೆ" ಎಂದರು. ಆಮೇಲೆ ಚೀಟಿ ಮಡಚುತ್ತ, ಯಾರಿಗೂ ಅಲ್ಲವೆಂಬಂತೆ, "ಬಿರಡೆ" ಎಂದರು.

ನವೀಕರಣ ಸಿಗಲಿಲ್ಲ. ಶುದ್ಧೀಕರಣ ಘಟಕ ಸರಿಯಾಗುವವರೆಗೆ ನದಿಗೆ ಏನನ್ನೂ ಬಿಡಬಾರದು, ಅಲ್ಲಿಯವರೆಗೆ ತಾತ್ಕಾಲಿಕವಾಗಿ ಎತ್ತಬಹುದಾದ ನೀರೂ ಅರ್ಧ ಎಂದು ಆದೇಶವಾಯಿತು. ಮೇಲ್ಮನವಿ ಹಾಕುತ್ತೇವೆ ಎಂದು ವಕೀಲ ಬಾಗಿಲಲ್ಲೇ ಹೇಳಿದ. ಹಾಕುತ್ತಾರೆ, ಗೆದ್ದರೂ ಗೆಲ್ಲಬಹುದು. ಎಲ್ಲರೂ ಹೋದ ಮೇಲೆ ಚೀಫ್ ನನ್ನನ್ನು ಕೂರಿಸಿಕೊಂಡು ಬೈದರು. ಬ್ಲಾಂಕ್ ಕೆಟ್ಟಿದ್ದರೆ ಇಡೀ ಊರಿಗೆ ಯಾರು ಉತ್ತರ ಹೇಳುತ್ತಿದ್ದರು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವರೇ ತಣ್ಣಗಾಗಿ ಜೀಪಿಗೆ ಹೇಳಿಕಳಿಸಿದರು.

ಮನೆಗೆ ಬಂದು ಪೆಟ್ಟಿಗೆ ತೊಳೆದೆ. ಸೋಪು ಹಾಕಿ ಉಜ್ಜಿದೆ, ಬಿಸಿನೀರು ಹಾಕಿ ಉಜ್ಜಿದೆ. ವಾಸನೆ ಪೂರ್ತಿ ಹೋಗಲಿಲ್ಲ. ಅತ್ತೆ ಒಣಬಟ್ಟೆ ತಂದು ಒರೆಸಿದರು. ಯಾರದು ಎಂದು ಕೇಳಿದರು, ಹೇಳಿದೆ. ಮುಚ್ಚಳದ ಮೇಲಿನ ಮೀನನ್ನು ಅವರು ಎರಡು ಸಲ ಒರೆಸಿದರು.

ಮೀನಂಗಡಿಯಲ್ಲಿ ಸಂಜೆಯ ವ್ಯಾಪಾರ ಇಳಿದಿತ್ತು. ಅಕ್ಕ ಕಟ್ಟೆಗೆ ನೀರು ಹಾಕುತ್ತಿದ್ದರು. ನನ್ನನ್ನು ಕಂಡು ಬಕೆಟ್ ಕೆಳಗಿಟ್ಟು, ಕೈ ಒರೆಸಿಕೊಂಡರು. ಇದಕ್ಕೇನು ಅವಸರವಿತ್ತು, ಇದಕ್ಕೋಸ್ಕರ ನೀನು ಬರಬೇಕಿತ್ತಾ ಎಂದರು. ನಾನು ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟೆ.

"ತಗೊಂಡು ಹೋಗುವಾಗ ಏನಾದ್ರೂ ಅಂದ್ರಾ ಅಕ್ಕ?"

"ನಾನೇ ಅಂದೆ, ವಾಸನೆ ಬರುತ್ತಪ್ಪಾ, ನಿಮ್ಮ ನೀರಿಗೆ ಹಿಡಿದೀತು ಅಂತ. ಹಿಡಿಯಲ್ಲ ಅಕ್ಕ, ನನ್ನ ಬಾಟಲಿಗಳು ಮೂಗು ಮುಚ್ಕೊಂಡಿರ್ತವೆ ಅಂದ್ರು." ಅವರು ನಗಲು ಹೋಗಿ, ನನ್ನ ಮುಖ ನೋಡಿ ನಿಲ್ಲಿಸಿದರು. "ಕೆಲಸಕ್ಕೆ ಬಂತಾ ಇದು?"

"ಬಂತು."

ಅವರು ಮುಚ್ಚಳ ತೆಗೆದು, ಒಳಗೊಮ್ಮೆ ಕೈಯಾಡಿಸಿ, ಉಳಿದ ಐಸನ್ನು ಅದಕ್ಕೆ ಸುರಿದರು. ಅದರ ಮೇಲೆ ಉಳಿದ ಮೀನುಗಳನ್ನು ಒಂದೊಂದಾಗಿ ಮಲಗಿಸಿದರು. ಮುಚ್ಚಳ ಹಾಕಿದರು. ಒಂದು ಮೂಲೆ ಸರಿಯಾಗಿ ಕೂರಲಿಲ್ಲ. ನಾನು ಕೈಯಿಟ್ಟು ಒತ್ತಿದೆ.